ರೊಟ್ಟಿ ಮೆತ್ತಗಾದ ಎರಡು ಊರು

ಮೆಟ್ರಿಯಿಂದ ಯಾರ ಮನೆಗೆ ಹೊರಟರೂ ಕೈಯಲ್ಲಿ ರೊಟ್ಟಿ ಡಬ್ಬಿ ಇರಲೇಬೇಕು. ಬಿಳಿಜೋಳದ ಖಡಕ್ ರೊಟ್ಟಿ ಒಂದರ ಮೇಲೊಂದು ಐವತ್ತು, ಬದಿಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ನಮ್ಮ ಮನೆಯಲ್ಲಿ ಅವು ಬಟ್ಟೆ ಹೊದಿಸಿದ ಬುಟ್ಟಿಯಲ್ಲಿ ತಿಂಗಳು ಕಳೆದರೂ ಮುರಿದರೆ ಟಪ್ ಎನ್ನುತ್ತವೆ. ಹಾಗಾಗಿ ಮಂಗಳೂರಿನ ತಂಗಿಯ ಮನೆಗೆ ಮೊದಲ ಸಲ ಜುಲೈ ತಿಂಗಳಲ್ಲಿ ಹೋದಾಗ, ಡಬ್ಬಿಯ ಮುಚ್ಚಳ ಅಷ್ಟು ಬಿಗಿಯಿಲ್ಲ ಎನ್ನುವುದು ನನ್ನ ಗಮನಕ್ಕೇ ಬಂದಿರಲಿಲ್ಲ. ಬೆಳಗ್ಗೆ ತೆಗೆದ ರೊಟ್ಟಿ ಸಂಜೆಗೆ ಮಡಚಿದರೆ ಮಡಚಿಕೊಳ್ಳುತ್ತಿತ್ತು, ಮುರಿಯುತ್ತಿರಲಿಲ್ಲ. ಮೂರನೆಯ ದಿನ ಅಂಚಿನಲ್ಲಿ ಬೂದುಬಣ್ಣದ ಬೂಷ್ಟು. ಐವತ್ತರಲ್ಲಿ ಅರ್ಧದಷ್ಟು ಪಕ್ಕದ ಮನೆಯ ಹಸುವಿನ ಪಾಲಾಯಿತು. ಹಿಟ್ಟು ಮಿದ್ದು ತಟ್ಟಿ ತಟ್ಟಿ ಬೇಯಿಸಿದ್ದ ನನ್ನ ತಾಯಿಗೆ ಇದನ್ನು ಹೇಗೆ ಹೇಳಲಿ ಎಂದು ಆ ದಿನವೆಲ್ಲ ಯೋಚಿಸುತ್ತಿದ್ದೆ.

ತಂಗಿ ಮದುವೆಯಾಗಿ ಮಂಗಳೂರು ಸೇರಿ ಇಪ್ಪತ್ತು ವರ್ಷ ದಾಟಿತು. ಮಗ ಕೆಲಸಕ್ಕೆಂದು ಚೆನ್ನೈ ಸೇರಿದ್ದು ಅದಾದ ಮೇಲೆ. ಒಬ್ಬಳು ಪಡುವಣ ಕಡಲಿನ ದಂಡೆಯಲ್ಲಿ, ಒಬ್ಬ ಮೂಡಣ ಕಡಲಿನ ದಂಡೆಯಲ್ಲಿ. ಶಾಲೆಯಲ್ಲಿ ನಕಾಶೆ ತೂಗುಹಾಕಿ ಮಕ್ಕಳಿಗೆ ತೋರಿಸುವಾಗ ನನ್ನ ಕೋಲು ತಾನಾಗಿಯೇ ಆ ಎರಡು ಚುಕ್ಕೆಗಳ ಮೇಲೆ ನಿಲ್ಲುತ್ತಿತ್ತು. ಎರಡೂ ಊರು ಹೆಚ್ಚು ಕಡಿಮೆ ಒಂದೇ ಅಡ್ಡಗೆರೆಯ ಮೇಲಿವೆ, 13 ಡಿಗ್ರಿ ಉತ್ತರ ಅಕ್ಷಾಂಶದ ಆಚೆ ಈಚೆ. ಸೂರ್ಯ ಎರಡೂ ಊರಿನ ನೆತ್ತಿಯ ಮೇಲೆ ಒಂದೇ ಕೋನದಲ್ಲಿ ಹಾಯುತ್ತಾನೆ. ಎರಡಕ್ಕೂ ಕಡಲು ಉಂಟು. ಹಾಗಿದ್ದೂ ಒಂದೂರಿನವರು ಕೊಡೆ ಮಡಚುವ ಹೊತ್ತಿಗೆ ಇನ್ನೊಂದೂರಿನವರು ಕೊಡೆ ಬಿಚ್ಚುತ್ತಾರೆ. ಮಕ್ಕಳಿಗೆ ಇದನ್ನು ವರ್ಷಗಟ್ಟಲೆ ಪಾಠವಾಗಿ ಹೇಳಿದ್ದೆ. ಮೈಗೆ ತಿಳಿದದ್ದು ಮಾತ್ರ ಆ ಊರುಗಳಲ್ಲಿ ವಾರಗಟ್ಟಲೆ ಇದ್ದಾಗ.

ಮೆಟ್ರಿ ಅವೆರಡರ ನಡುವೆ, ಸ್ವಲ್ಪ ಮೇಲಕ್ಕೆ, ಕಂಪ್ಲಿ ತಾಲೂಕಿನಲ್ಲಿದೆ. ಹಕ್ಕಿ ಹಾರಿದಂತೆ ಅಳೆದರೆ ಅರಬ್ಬಿ ಸಮುದ್ರ ಸುಮಾರು ಇನ್ನೂರೈವತ್ತು ಕಿಲೋಮೀಟರ್, ಚೆನ್ನೈ ಐನೂರರ ಹತ್ತಿರ. ವರ್ಷಕ್ಕೆ ನಮಗೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಚೆನ್ನೈಗೆ 1,400ರ ಸುಮಾರು. ಮಂಗಳೂರಿಗೆ ಮೂರೂವರೆ ಸಾವಿರಕ್ಕೂ ಹೆಚ್ಚು. ಅಲ್ಲಿ ಜುಲೈ ಒಂದರಲ್ಲೇ ಸಾವಿರ ದಾಟುವುದು ವಿಶೇಷವೇನಲ್ಲ. ಅಂದರೆ ನಾವು ವರ್ಷವಿಡೀ ಮುಗಿಲು ನೋಡಿ ಪಡೆಯುವುದನ್ನು ಅವರು ಎರಡು ಮೂರು ವಾರದಲ್ಲಿ ಚರಂಡಿಯಲ್ಲಿ ಕಡಲಿಗೆ ಕಳಿಸುತ್ತಾರೆ.

ರಾತ್ರಿ ಬಸ್ಸಿನಲ್ಲಿ ಹೊರಟಿದ್ದೆ. ಹೊಸಪೇಟೆ ಬಿಡುವಾಗ ಕಿಟಕಿ ತೆರೆದೇ ಇತ್ತು, ಒಣ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಬೆಳಗಿನ ಜಾವ ಎಚ್ಚರವಾದಾಗ ಯಾರೋ ಕಿಟಕಿ ಎಳೆದಿದ್ದರು, ಗಾಜಿನ ಮೇಲೆ ನೀರು ಸಾಲುಗಟ್ಟಿ ಇಳಿಯುತ್ತಿತ್ತು, ಬಸ್ಸು ಘಟ್ಟದ ತಿರುವುಗಳಲ್ಲಿ ನಿಧಾನಕ್ಕೆ ತೂಗಾಡುತ್ತಿತ್ತು. ಹೊರಗೆ ಮಂಜೋ ಮೋಡವೋ ತಿಳಿಯಲಿಲ್ಲ. ರಸ್ತೆ ಬದಿಯ ಬಂಡೆಯಿಂದ ಹೆಸರಿಲ್ಲದ ಹತ್ತಾರು ಝರಿಗಳು ಧುಮುಕುತ್ತಿದ್ದವು. ನಮ್ಮ ಸೀಮೆಯಲ್ಲಿ ಬಂಡೆ ಎಂದರೆ ಬಿಸಿಲು ಕುಡಿದು ಕುಳಿತದ್ದು; ಬಂಡೆಯಿಂದ ನೀರು ಬರುವುದನ್ನು ನೋಡುತ್ತ ನಾನು ಮತ್ತೆ ನಿದ್ದೆ ಮಾಡಲಿಲ್ಲ.

ತಂಗಿಯದು ಮುರಕಲ್ಲಿನ ಗೋಡೆ, ಕೆಂಪು ಹೆಂಚಿನ ಮಾಡು ಇರುವ ಹಳೆಯ ಬಾಡಿಗೆ ಮನೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಜೇಡಿಮಣ್ಣು ನೋಡಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಮಂಗಳೂರು ಹೆಂಚು ದೇಶವೆಲ್ಲ ಸುತ್ತಿತು. ಆ ಹೆಂಚನ್ನು ಏಕೆ ಅಷ್ಟು ಇಳಿಜಾರಾಗಿ ಹೊದಿಸುತ್ತಾರೆ ಎಂಬುದು ಆ ಮನೆಯಲ್ಲಿ ಮೊದಲ ರಾತ್ರಿ ಮಲಗಿದವರಿಗೆ ಯಾರೂ ಹೇಳಬೇಕಿಲ್ಲ. ನಮ್ಮೂರಿನ ಹಳೆಯ ಮನೆಗಳದು ಮಾಳಿಗೆ: ಮರದ ತೊಲೆ, ಅದರ ಮೇಲೆ ಮಣ್ಣು, ಸಮತಟ್ಟು. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ತಂದು ಮೇಲೆ ಹರವಿ ತುಳಿದರೆ ಆ ವರ್ಷದ ಕೆಲಸ ಮುಗಿಯಿತು. ಮಂಗಳೂರಿನ ಒಂದು ರಾತ್ರಿಯ ಮಳೆ ನಮ್ಮ ಮಾಳಿಗೆಯ ಮೇಲೆ ಬಿದ್ದರೆ ಬೆಳಗಾಗುವ ಹೊತ್ತಿಗೆ ಮನೆಯೊಳಗೆ ಕೆಸರಿನ ಗದ್ದೆ.

ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಆರಂಭ ಕೊನೆ ಎನ್ನುವುದಿಲ್ಲ. ನಮ್ಮಲ್ಲಿ ಮಳೆ ಬರುತ್ತದೆ, ಹೋಗುತ್ತದೆ. ಬಂದದ್ದಕ್ಕೆ ಹೆಸರಿದೆ, ನಕ್ಷತ್ರವಿದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂದು ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ಮಿರಗ ಬಂತೇ, ಆರಿದ್ರಿ ಬಂತೇ, ಹುಬ್ಬಿ ಉತ್ತರಿ ಹೆಂಗ ಎಂದು ಊರವರು ಒಬ್ಬರನ್ನೊಬ್ಬರು ಕೇಳುತ್ತಾರೆ. ಮಂಗಳೂರಿನಲ್ಲಿ ಜುಲೈನಲ್ಲಿ ಅಂಥ ಪ್ರಶ್ನೆಗೆ ಜಾಗವೇ ಇಲ್ಲ. ಮೂರನೆಯ ದಿನ ನಾನು ತಂಗಿಯನ್ನು ಕೇಳಿದೆ, "ಇದು ಯಾವಾಗ ಹೊಳವಾಗ್ತೈತೆ?" ಮಳೆ ನಿಂತು ಬಾನು ಬಿಚ್ಚುವುದಕ್ಕೆ ನಾವು ಹೊಳವು ಎನ್ನುತ್ತೇವೆ. ಆ ಮಾತು ಕೇಳಿ ಅವಳ ಮಗಳು ನನ್ನ ಮುಖ ನೋಡಿದಳು. ಅವಳಿಗೆ ಆ ಪದ ಗೊತ್ತಿರಲಿಲ್ಲ.

ತೊಳೆದ ಬಟ್ಟೆ ಒಣಗುವುದು ಅಲ್ಲಿ ಮನೆಯ ಮುಖ್ಯ ಚಿಂತೆ. ಜಗಲಿಯ ಹಗ್ಗದಿಂದ ಒಳಕೋಣೆಯ ಹಗ್ಗಕ್ಕೆ, ಅಲ್ಲಿಂದ ಬಚ್ಚಲೊಲೆಯ ಮೇಲಿನ ಬಿದಿರ ಗಳಕ್ಕೆ, ಹೀಗೆ ನನ್ನ ಸೀರೆ ಮೂರು ದಿನ ಪ್ರಯಾಣ ಮಾಡಿತು. ಉಡುವಾಗ ಹೊಗೆಯ ವಾಸನೆ. ಉಪ್ಪಿನ ಭರಣಿಯಲ್ಲಿ ನೀರು. ಬೆಂಕಿಪೊಟ್ಟಣ ಅಕ್ಕಿಡಬ್ಬಿಯೊಳಗೆ. ಬೀರುವಿನಲ್ಲಿ ತಂಗಿಯ ರೇಷ್ಮೆ ಸೀರೆಗಳ ನಡುವೆ ಬೂಷ್ಟು ಹತ್ತದಂತೆ ಏನೇನೋ ಪೊಟ್ಟಣಗಳು. ಆದರೆ ಪಕ್ಕದ ಮನೆಯ ಅಮ್ಮ ಇದನ್ನೆಲ್ಲ ತೊಂದರೆ ಎಂದು ಎಣಿಸಿದವರೇ ಅಲ್ಲ. ಬೇಸಗೆಯಲ್ಲೇ ಹಲಸಿನ ಹಪ್ಪಳ ಒಣಗಿಸಿ ಡಬ್ಬಿ ತುಂಬಿಸಿದ್ದರು. ಸಾಂತಾಣಿ, ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆ, ಎಲ್ಲವೂ ಮಳೆಗಾಲಕ್ಕೆಂದೇ ಕೂಡಿಟ್ಟದ್ದು. ನಾನು ಮಳೆಯ ಬಗ್ಗೆ ಗೊಣಗಿದಾಗ ಅವರು, "ಮಳೆ ಬಿಟ್ಟರೆ ಸೆಖೆ ಅಲ್ವಾ ಟೀಚರೇ? ಆ ಸೆಖೆ ನಿಮಗೆ ತಡೆಯಲಿಕ್ಕೆ ಆಗುವುದಿಲ್ಲ. ಮಳೆಯೇ ಒಳ್ಳೆಯದು" ಎಂದರು.

ಸೆಖೆ. ಈ ಮಾತು ಅವರ ಬಾಯಲ್ಲಿ ಕೇಳುವವರೆಗೆ ನಾನು ಅದನ್ನು ಬಿಸಿಲಿನ ಇನ್ನೊಂದು ಹೆಸರು ಎಂದುಕೊಂಡಿದ್ದೆ. ನಮ್ಮಲ್ಲಿ ಬಿಸಿಲಿಗೆ ಝಳ ಎನ್ನುತ್ತೇವೆ. ಅದು ಹೊರಗಿನಿಂದ ಬಂದು ಚರ್ಮಕ್ಕೆ ತಾಕುವುದು, ನೆರಳಿಗೆ ಸರಿದರೆ ಬಿಡುವುದು. ಸೆಖೆ ಮೈಯೊಳಗಿನದು. ಅದಕ್ಕೆ ನೆರಳು ಮದ್ದಲ್ಲ. ಇದನ್ನು ನನಗೆ ಸರಿಯಾಗಿ ಅರ್ಥಮಾಡಿಸಿದ್ದು ತಂಗಿಯ ಅಡುಗೆಮನೆಯ ಮಣ್ಣಿನ ಹರವಿ. ಮೆಟ್ರಿಯಿಂದ ನಾನೇ ಒಮ್ಮೆ ಕಳಿಸಿದ್ದೆ. ನಮ್ಮ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಹರವಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪು. ಅದೇ ಹರವಿ ಮಂಗಳೂರಿನಲ್ಲಿ ಬರೀ ಪಾತ್ರೆ, ನೀರು ಉಗುರುಬೆಚ್ಚಗೆ. ಹರವಿಯ ಮೈಯಿಂದ ನೀರು ಜಿನುಗಿ ಗಾಳಿಗೆ ಆರಿಹೋಗಬೇಕು, ಆರುವಾಗ ಬಿಸಿಯನ್ನೂ ಜೊತೆಗೆ ಒಯ್ಯಬೇಕು. ಗಾಳಿಯೇ ನೀರಿನಿಂದ ತುಂಬಿರುವಾಗ ಅದು ಹರವಿಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಮನುಷ್ಯನ ಮೈಯೂ ಒಂದು ಹರವಿಯೇ. ಮೆಟ್ರಿಯಲ್ಲಿ 40 ಡಿಗ್ರಿಯಲ್ಲಿ ಬೆವರು ಬಂದದ್ದು ತಿಳಿಯುವ ಮುಂಚೆಯೇ ಆರಿ ರವಿಕೆಯ ಬೆನ್ನಲ್ಲಿ ಉಪ್ಪಿನ ಗೆರೆ ಬಿಟ್ಟಿರುತ್ತದೆ. ಮಂಗಳೂರಿನ 33ರಲ್ಲಿ ಬೆವರು ಇಳಿಯುತ್ತದೆ, ಆರುವುದಿಲ್ಲ.

ಒಂದು ಮಧ್ಯಾಹ್ನ ಮಳೆ ಸ್ವಲ್ಪ ಕಡಿಮೆಯಾದಾಗ ಧಕ್ಕೆಗೆ ಹೋದೆವು. ದೋಣಿಗಳು ಒಂದಕ್ಕೊಂದು ಅಂಟಿಕೊಂಡು ಹಗ್ಗ ಕಟ್ಟಿಸಿಕೊಂಡು ನಿಂತಿದ್ದವು, ಮೀನಿನ ಸದ್ದುಗದ್ದಲವಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿಮಾಡುವ ಕಾಲ, ಕಡಲು ಹುಚ್ಚೆದ್ದ ಕಾಲ. ಆಮೇಲೆ ಚೆನ್ನೈಯಲ್ಲಿ ತಿಳಿಯಿತು, ಅಲ್ಲಿಯೂ 61 ದಿನದ ರಜೆಯೇ, ಆದರೆ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಒಂದೇ ದೇಶದ ಮೀನುಗಾರರು ಎರಡು ಕಡಲಿನ ಪಂಚಾಂಗ ನೋಡಿ ಬಲೆ ಮಡಚುತ್ತಾರೆ. ಪಣಂಬೂರಿನ ದಂಡೆಯಲ್ಲಿ ನಿಂತಾಗ ಕಡಲಿಗೂ ಬಾನಿಗೂ ನಡುವಿನ ಗೆರೆ ಇರಲಿಲ್ಲ, ಎಲ್ಲವೂ ಒಂದೇ ಬೂದುಬಣ್ಣ. ಕಡಲು ನೋಡಬೇಕೆಂದು ಐವತ್ತು ವರ್ಷ ಕಾದವಳು ನಾನು. ನೋಡಿದೆ ಎನ್ನುವುದಕ್ಕಿಂತ ಕೇಳಿದೆ ಎನ್ನಬೇಕು.

ಬಸ್ ನಿಲ್ದಾಣದಲ್ಲಿ ಸಿಕ್ಕ ಒಬ್ಬ ಹೆಣ್ಣುಮಗಳ ಮಾತನ್ನು ಇಲ್ಲಿ ಬರೆಯದೆ ಇರಲಾರೆ. ಮಾತು ಕೇಳಿದ ಕೂಡಲೇ ನಮ್ಮ ಕಡೆಯವಳು ಎಂದು ತಿಳಿಯಿತು. ಮಂಗಳೂರು, ಉಡುಪಿಯ ಕಟ್ಟಡಗಳಲ್ಲಿ, ರಸ್ತೆ ಕೆಲಸದಲ್ಲಿ ಬಳ್ಳಾರಿ, ಕೊಪ್ಪಳ, ಬಾಗಲಕೋಟೆ ಕಡೆಯ ಜನ ಬಹಳ. ಬೇಸಿಗೆಯಲ್ಲಿ ದುಡಿದು, ಮುಂಗಾರಿಗೆ ಬಿತ್ತಲು ಊರಿಗೆ ಹೋಗುವವರು ಅವರಲ್ಲಿ ಹಲವರು. ಇವಳು ಮಗುವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು. ಬಿತ್ತನೆಗೆ ಊರಿಗೆ ಹೋಗಿ, ಮಳೆಯಿಲ್ಲದೆ ಬೀಜ ಒಣಗಿ, ತಿರುಗಿ ಬಂದಿದ್ದಳು. "ಅಲ್ಲಿ ಮಳಿ ಇಲ್ದ ಕೆಲಸಿಲ್ರಿ ಅಕ್ಕಾರ, ಇಲ್ಲಿ ಮಳಿ ಬಂದು ಕೆಲಸಿಲ್ರಿ" ಎಂದಳು. ನನ್ನ ಹತ್ತಿರ ಉಳಿದಿದ್ದ ರೊಟ್ಟಿಯಲ್ಲಿ ಬೂಷ್ಟು ಹಿಡಿಯದವನ್ನು ಆರಿಸಿ ಕೊಟ್ಟೆ. ಹವಾಮಾನ ಇಷ್ಟ, ಇಷ್ಟವಿಲ್ಲ ಎಂದು ಮಾತನಾಡುವುದು ಮೇಲೆ ಮಾಡು ಇರುವವರಿಗೆ ಸಿಕ್ಕ ಭಾಗ್ಯ. ಈ ಬರಹದಲ್ಲಿ ನಾನು ಮುಂದೆ ಏನೇ ಹೇಳಿದರೂ ಅವಳ ಮುಖ ನನ್ನ ಕಣ್ಣ ಮುಂದಿದೆ.

ಮರಳುವ ಮುನ್ನ ನೇತ್ರಾವತಿಯ ಸೇತುವೆ ದಾಟಿ ಉಳ್ಳಾಲದ ಕಡೆ ಹೋದೆವು. ಹೊಳೆ ಕೆಮ್ಮಣ್ಣಿನ ಬಣ್ಣದಲ್ಲಿ, ದಡ ತುಂಬಿ ಕಡಲಿಗೆ ನುಗ್ಗುತ್ತಿತ್ತು. ಸೇತುವೆಯ ಮೇಲೆ ನನಗೆ ಪಾಠದ ಸಾಲು ನೆನಪಾಯಿತು: ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಒಂದೇ ಬೆಟ್ಟಸಾಲಿನ ಗಂಗಾಮೂಲದಲ್ಲಿ. ನೇತ್ರಾವತಿ ಪಡುವಣಕ್ಕೆ ಜಾರಿ ಇಲ್ಲಿಗೆ ಬರುತ್ತಾಳೆ. ತುಂಗೆ ಭದ್ರೆಯರು ಮೂಡಣಕ್ಕೆ ಹೊರಳಿ, ಕೂಡಲಿಯಲ್ಲಿ ಸೇರಿ, ಹೊಸಪೇಟೆಯ ಅಣೆಕಟ್ಟಿಗೆ ಬರುತ್ತಾರೆ. ಒಂದು ಹನಿ ಆ ನೆತ್ತಿಯ ಈ ಮಗ್ಗುಲಿಗೆ ಬಿದ್ದರೆ ತಂಗಿಯ ಊರು, ಆ ಮಗ್ಗುಲಿಗೆ ಬಿದ್ದರೆ ನನ್ನ ಊರು. ಘಟ್ಟ ಹತ್ತುವಾಗ ಮೋಡ ತನ್ನ ನೀರನ್ನೆಲ್ಲ ಇಳಿಸುತ್ತದೆ, ಆಚೆ ಇಳಿಯುವಾಗ ಬರಿಗೈ. ನಮ್ಮದು ಆ ಬರಿಗೈ ಗಾಳಿಯ ಸೀಮೆ. ಆದರೆ ಕಂಪ್ಲಿಯ ಗದ್ದೆಗಳ ಭತ್ತ, ಕಬ್ಬು, ಬಾಳೆ ಬೆಳೆಯುವುದು ಆ ಮೋಡ ಇಳಿಸಿಹೋದ ನೀರಿನಿಂದಲೇ. ಮೂರು ದಿನ ನಾನು ಬೈದ ಮಳೆ ಅದು. ಅಂದಿನಿಂದ ಜೂನ್ ಬಂದರೆ ತಂಗಿಗೆ ಫೋನು ಮಾಡಿ ಮೊದಲು ಕೇಳುವುದು, "ಅಲ್ಲಿ ಮಳಿ ಹೆಂಗೈತವ್ವಾ?"

ಚೆನ್ನೈ ನಮ್ಮ ಮನೆಗೆ ಹೊಸದಲ್ಲ. ಬಳ್ಳಾರಿ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿದ್ದ ಕಾಲದಲ್ಲಿ ಅಜ್ಜ ಹೊಲದ ವ್ಯಾಜ್ಯಕ್ಕೆಂದು ಅಲ್ಲಿಗೆ ಹೋಗುತ್ತಿದ್ದ. ಹೊಸಪೇಟೆಯಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಇಳಿದು, ಮದ್ರಾಸಿನ ರೈಲಿಗೆ ಕಾಯುವುದು. 1953ರ ಅಕ್ಟೋಬರ್ 1ರಂದು ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ತುಂಗಭದ್ರಾ ಕಾಲುವೆಗೆ ನೀರೂ ಬಂತು. ಆ ಎರಡು ಸಂಗತಿಯನ್ನು ಅಜ್ಜ ಯಾವಾಗಲೂ ಒಟ್ಟಿಗೇ ಹೇಳುತ್ತಿದ್ದ. ಮದ್ರಾಸಿನ ಬಗ್ಗೆ ಅವನ ನೆನಪು ಒಂದೇ: "ನೆಳ್ಳಾಗ ನಿಂತ್ರೂ ಬೆವರು ನಿಲ್ಲಂಗಿಲ್ಲ."

ನಾನು ಹೋದದ್ದು ಮೇ ತಿಂಗಳಲ್ಲಿ, ಅಜ್ಜನ ದಾರಿಯಲ್ಲೇ, ಗುಂತಕಲ್ಲಿನ ಮೇಲೆ. ತಮಿಳರು ಆ ದಿನಗಳಿಗೆ ಅಗ್ನಿ ನಕ್ಷತ್ರ, ಕತ್ತಿರಿ ಎನ್ನುತ್ತಾರೆ. ಸೂರ್ಯ ಕೃತ್ತಿಕೆಯ ಆಸುಪಾಸಿನಲ್ಲಿರುವ ಕಾಲ. ಬೆಳಗ್ಗೆ ಐದೂವರೆಗೇ ಮಗ ಮರೀನಾಕ್ಕೆ ಕರೆದುಕೊಂಡು ಹೋದ. ಕಡಲಿನಿಂದ ಸೂರ್ಯ ಹುಟ್ಟಿ ಬಂದ. ಪಣಂಬೂರಿನಲ್ಲಿ ಕಾಣದ ಆ ಗೆರೆ ಇಲ್ಲಿ ಚಾಕುವಿನಿಂದ ಕೊರೆದಂತೆ ಇತ್ತು. ಏಳು ಗಂಟೆಗೆಲ್ಲ ಮರಳು ಕಾಲಿಗೆ ತಾಕತೊಡಗಿತು.

ಹತ್ತು ಗಂಟೆಯ ಹೊತ್ತಿಗೆ ಒಂದು ವಿಚಿತ್ರವಾಯಿತು. ಮಗನ ಮನೆಯ ತಾರಸಿಯ ಮೇಲೆ ನಿಂತಿದ್ದಾಗ ಪಶ್ಚಿಮದಿಂದ ಒಂದು ಒಣ ಗಾಳಿ ಬೀಸಿತು. ನನ್ನ ಮೈಗೆ ಅದು ಪರಿಚಯದ ಗಾಳಿ. ಮುಖಕ್ಕೆ ಬಡಿದ ರೀತಿ, ತುಟಿ ಒಣಗಿದ ರೀತಿ, ಎಲ್ಲ ಮೆಟ್ರಿಯದೇ. ಊರಿನವರು ಯಾರೋ ಬಾಗಿಲಿಗೆ ಬಂದಂತೆ ಖುಷಿಯಾಯಿತು. ಪಕ್ಕದ ಮನೆಯವರು ಮಾತ್ರ ಕಿಟಕಿಗಳನ್ನೆಲ್ಲ ಹಾಕಿಕೊಂಡರು. ಬೇಸಿಗೆಯಲ್ಲಿ ನಮ್ಮ ಬಯಲಿನ ಮೇಲೆ, ರಾಯಲಸೀಮೆಯ ಮೇಲೆ ಕಾದು ಬರುವ ಗಾಳಿ ಅದು; ಚೆನ್ನೈಯವರಿಗೆ ಅದೇ ಶತ್ರು. ಅವರು ಕಾಯುವುದು ಕಡಲ ಗಾಳಿಗೆ. ಹೊತ್ತೇರಿದಂತೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ನೆಲದ ಗಾಳಿ ಹಗುರಾಗಿ ಮೇಲೇರುತ್ತದೆ, ಆ ತೆರವಿಗೆ ಕಡಲ ಗಾಳಿ ನುಗ್ಗುತ್ತದೆ. ಭೂಮಿ ಕಡೆಯ ಗಾಳಿ ಬಲವಾಗಿದ್ದರೆ ಅದನ್ನು ತಳ್ಳಿ ಬರಲು ಕಡಲ ಗಾಳಿಗೆ ತಡವಾಗುತ್ತದೆ. ತಡವಾದಷ್ಟು ಊರು ಬೇಯುತ್ತದೆ. 2003ರ ಮೇ 31ರಂದು ಅಲ್ಲಿ 45 ಡಿಗ್ರಿ ದಾಖಲಾಗಿತ್ತು. ಕಡಲ ದಂಡೆಯ ಊರಿನಲ್ಲಿ 45! ನಮ್ಮ ಹೊಸಪೇಟೆಗೂ ಅದು ಹೆಚ್ಚೇ.

ಆ ದಿನ ಗಾಳಿ ಬಂದದ್ದು ಒಂದೂವರೆಗೆ. ಮಗ ಊಟದ ನಡುವೆ ತಲೆ ಎತ್ತಿ, "ಅಮ್ಮಾ, ಬಂತು ನೋಡು" ಎಂದ. ಪರದೆ ಒಮ್ಮೆ ಒಳಕ್ಕೆ ಉಬ್ಬಿತು. ಬೀದಿಯ ಸದ್ದೇ ಬದಲಾಯಿತು. ಬಿಸಿ ನಾಲ್ಕೈದು ಡಿಗ್ರಿ ಇಳಿದಿರಬೇಕು. ಆದರೆ ಆ ಗಾಳಿಯ ಜೊತೆಗೆ ನೀರೂ ಬಂತು. ಅರ್ಧ ಗಂಟೆಯಲ್ಲಿ ನನ್ನ ಕುತ್ತಿಗೆ, ಮುಂಗೈ ಎಲ್ಲ ಅಂಟು. ತಮಿಳಿನಲ್ಲಿ ಇದಕ್ಕೆ ಪುಳುಕ್ಕಂ ಎನ್ನುತ್ತಾರೆ ಎಂದು ಮಗ ಹೇಳಿದ. ಮಂಗಳೂರಿನ ಅಮ್ಮನ ಸೆಖೆಯೇ, ಹೆಸರು ಬೇರೆ. ರಾತ್ರಿಯೂ ಅದು ಇಳಿಯಲಿಲ್ಲ. ನಮ್ಮಲ್ಲಿ ಹಗಲು ಎಷ್ಟೇ ಸುಟ್ಟರೂ ಬೆಳಗಿನ ಜಾವಕ್ಕೆ ಹೊದಿಕೆ ಹುಡುಕುವಂತಾಗುತ್ತದೆ. ಚೆನ್ನೈಯ ರಾತ್ರಿ ಹಗಲಿನ ಬೆವರನ್ನೇ ಹೊದ್ದುಕೊಂಡು ಮಲಗುತ್ತದೆ. ಡಬ್ಬಿಯ ರೊಟ್ಟಿ? ಬೆಳಗ್ಗೆ ಟಪ್ ಎನ್ನುತ್ತಿತ್ತು, ಮಧ್ಯಾಹ್ನದ ಗಾಳಿಗೆ ಬಿಟ್ಟದ್ದು ಸಂಜೆಗೆ ಮೆತ್ತಗೆ. ಬೂಷ್ಟು ಬರಲಿಲ್ಲ.

ಹತ್ತಿರದ ಉಡುಪಿ ಹೋಟೆಲಿನಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರು ಗಲ್ಲೆಯ ಮೇಲೆ ಕೂರುತ್ತಿದ್ದರು. ಹುಡುಗನಾಗಿದ್ದಾಗ ಬಂದವರು. ಕನ್ನಡ ಕೇಳಿ ನಮ್ಮ ಹತ್ತಿರ ಬಂದು ಕುಳಿತರು. ಎರಡೂ ಕಡಲಿನ ಉಪ್ಪು ತಿಂದವರು, ಯಾವುದು ಇಷ್ಟ ಎಂದು ಕೇಳಿದೆ. ಅವರು ತಕ್ಷಣ ಉತ್ತರಿಸಲಿಲ್ಲ. ಜೂನ್ ಬಂತೆಂದರೆ ಊರಲ್ಲಿ ಮಳೆ ಹಿಡಿದದ್ದು ಫೋನಿನಲ್ಲೇ ಕೇಳಿಸುತ್ತದಂತೆ, ಆಗ ಇಲ್ಲಿ ಇನ್ನೂ ಬೆಂಕಿ. ಆ ಒಂದು ತಿಂಗಳು ತನಗೆ ಇಲ್ಲಿ ಇರಲಿಕ್ಕೆ ಮನಸ್ಸೇ ಇಲ್ಲ ಎಂದರು. ಸ್ವಲ್ಪ ತಡೆದು, "ಆದರೆ ಇಲ್ಲಿ ಡಿಸೆಂಬರ್ ಉಂಟಲ್ಲ, ಅದು ಊರಲ್ಲಿ ಇಲ್ಲ" ಎಂದರು.

ಅವರು ಹೇಳಿದ ಚೆನ್ನೈ ಬೇರೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆಯ ಗುಡುಗು ಮಳೆ ಬಿಟ್ಟರೆ ಆ ಊರು ನಮ್ಮ ಹಾಗೆಯೇ ಘಟ್ಟದ ಮರೆಯಲ್ಲಿ ಕಾಯುತ್ತದೆ. ಅಕ್ಟೋಬರಿನಲ್ಲಿ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ, ಬಂಗಾಳ ಕೊಲ್ಲಿಯ ಮೇಲೆ ಹಾದು ಬರತೊಡಗಿದಾಗ ಅದರ ಮಳೆಗಾಲ. ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳಲ್ಲೇ ಬೀಳಬೇಕು. ಆ ಊರಿನಲ್ಲಿ ಗಾಳಿ ಮಳೆ ಅಳೆಯುವ ಕೆಲಸ ಹಳೆಯದು. ಈಸ್ಟ್ ಇಂಡಿಯಾ ಕಂಪನಿಯ ವೀಕ್ಷಣಾಲಯ ಅಲ್ಲಿ 1792ರಿಂದ ಇತ್ತು. ಮಂಗಳೂರಿನ ಮಳೆಗೆ ಒಂದು ನಂಬಿಕೆ ಇದೆ, ಹೆಚ್ಚು ಕಡಿಮೆಯಾದರೂ ಬಂದೇ ಬರುತ್ತದೆ. ಚೆನ್ನೈಯ ಮಳೆ ವಾಯುಭಾರ ಕುಸಿತಗಳ ಬೆನ್ನೇರಿ ಬರುತ್ತದೆ. ಅದು ದಾರಿ ತಪ್ಪಿದರೆ ಇಲ್ಲ, ನೆಟ್ಟಗೆ ಬಂದರೆ ಮೈಮೇಲೇ. 2019ರ ಬೇಸಿಗೆಯಲ್ಲಿ ಕೆರೆಗಳು ಬತ್ತಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಿಸಿಕೊಂಡ ಊರು ಅದು. ಅದಕ್ಕೂ ನಾಲ್ಕು ವರ್ಷ ಹಿಂದೆ ಮುಳುಗಿದ ಊರೂ ಅದೇ.

2015ರ ಡಿಸೆಂಬರ್ 1ರ ರಾತ್ರಿ ನಾನು ಮರೆಯುವುದಿಲ್ಲ. ಮಗ ತಾಂಬರಂ ಕಡೆ ಇದ್ದ. ಆ ಒಂದು ದಿನದಲ್ಲಿ ಅಲ್ಲಿ 490 ಮಿಲಿಮೀಟರ್ ಬಿದ್ದಿತ್ತೆಂದು ಆಮೇಲೆ ಪತ್ರಿಕೆಯಲ್ಲಿ ಓದಿದೆ. ಮೆಟ್ರಿಯ ಒಂದು ವರ್ಷದ ಮಳೆಗೆ ಅದು ನೂರು ಮಿಲಿಮೀಟರಿನಷ್ಟು ಮಾತ್ರ ಕಡಿಮೆ. ಸಂಜೆ ಏಳಕ್ಕೆ ಅವನ ಫೋನು ಬಂತು, "ನೀರು ಮೆಟ್ಟಿಲಿಗೆ ಬಂದೈತಮ್ಮ, ಮೇಲಿನ ಮನಿಯವರ ಹತ್ರ ಹೋಗ್ತೀವಿ" ಎಂದ. ಆಮೇಲೆ ಎರಡು ದಿನ ಫೋನಿಲ್ಲ. ಅವನ ತಂದೆ ಟಿ.ವಿ. ಮುಂದಿನಿಂದ ಏಳಲಿಲ್ಲ. ನಾನು ರೊಟ್ಟಿ ತಟ್ಟಿದೆ. ಯಾಕೆ ತಟ್ಟಿದೆನೋ, ಯಾರಿಗೆ ಕೊಡಲೆಂದೋ, ಹಿಟ್ಟು ಮುಗಿಯುವವರೆಗೆ ತಟ್ಟಿದೆ. ಮೂರನೆಯ ದಿನ ಬೇರೆ ಯಾರದೋ ನಂಬರಿನಿಂದ ಅವನ ದನಿ ಕೇಳಿತು. ಅಲ್ಲಿಯವರೆಗೆ ಮಳೆ ಎಂದರೆ ಬಾರದೆ ಕಾಡುವುದು ಎಂದಷ್ಟೇ ನನಗೆ ಗೊತ್ತಿತ್ತು.

ಆದರೆ ಅದೇ ಕೊಲ್ಲಿಯ ಮೋಡಕ್ಕೆ ನಾವೂ ಋಣಿಗಳು. ಹೊರಗಿನವರು ಜೂನ್ ಬಂದರೆ ಕರ್ನಾಟಕಕ್ಕೆಲ್ಲ ಮಳೆ ಎಂದುಕೊಳ್ಳುತ್ತಾರೆ. ನಮ್ಮ ಸೀಮೆಯಲ್ಲಿ ದೊಡ್ಡ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಸಂಡೂರಿನ ಗುಡ್ಡಗಳು ಹಸಿರಾಗಿರುವುದನ್ನು ನೋಡಿದವರು ಇದು ಬಳ್ಳಾರಿ ಜಿಲ್ಲೆಯೇ ಎಂದು ಕೇಳುತ್ತಾರೆ. ಮೂಡಣ ಕಡಲಲ್ಲಿ ಕುಸಿತವಾದರೆ ನಮ್ಮ ಹಿಂಗಾರಿ ಜೋಳಕ್ಕೆ, ಕಡಲೆಗೆ ಹದ. ಅತಿಯಾದರೆ 2009ರ ಅಕ್ಟೋಬರಿನಂತೆ ಉತ್ತರ ಕರ್ನಾಟಕದ ಊರೂರೇ ನೀರಲ್ಲಿ ನಿಲ್ಲುತ್ತವೆ. ಹಾಗಾಗಿ ಜೂನ್‌ನಲ್ಲಿ ತಂಗಿಗೆ, ಅಕ್ಟೋಬರ್‌ನಲ್ಲಿ ಮಗನಿಗೆ ನನ್ನ ಫೋನು. ಕಡಲಿಲ್ಲದ ಊರಿನಲ್ಲಿ ಕುಳಿತು ಎರಡೂ ಕಡಲಿನ ಸುದ್ದಿ ಕೇಳುತ್ತೇನೆ.

ನನಗೆ ಯಾವ ಹವೆ ಇಷ್ಟ ಎಂದು ಕೇಳಿದರೆ ನಾನು ಸುತ್ತಿ ಬಳಸಿ ಹೇಳುವವಳಲ್ಲ. ಒಣ ಬಿಸಿಲು. ಸಂಕ್ರಾಂತಿಯ ಹಿಂದೆ ಮುಂದೆ, ಕಣದಲ್ಲಿ ಮೆಣಸಿನಕಾಯಿ ಕೆಂಪಗೆ ಹರವಿರುವಾಗ ಇರುವ ಬಿಸಿಲು ಎಲ್ಲರಿಗೂ ಇಷ್ಟವೇ. ನಾನು ಹೇಳುವುದು ಏಪ್ರಿಲಿನದೂ ಸೇರಿ. ಮಧ್ಯಾಹ್ನ ಓಣಿಯಲ್ಲಿ ಒಂದು ನಾಯಿಯೂ ಇಲ್ಲದೆ, ಸುಂಟರಗಾಳಿಯೊಂದು ಒಣ ಎಲೆ ಎತ್ತಿಕೊಂಡು ತಾನೇ ನಡೆದು ಹೋಗುವಾಗ, ಬಾಗಿಲು ಮುಂದೆ ಮಾಡಿಕೊಂಡು, ಸಗಣಿ ಸಾರಿಸಿದ ನೆಲಕ್ಕೆ ಬೆನ್ನು ಹಚ್ಚಿ ಮಲಗಿದರೆ ಸಿಗುವ ತಂಪು ನನಗೆ ಬೇರೆಲ್ಲೂ ಸಿಕ್ಕಿಲ್ಲ. ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ. ಹಂಪಿಯ ಹೇಮಕೂಟದ ಬಂಡೆಗಳ ಮೇಲೆ ಸಂಜೆ ಕುಳಿತವರಿಗೆ ಗೊತ್ತು, ಹಗಲೆಲ್ಲ ಕುಡಿದ ಬಿಸಿಯನ್ನು ಕಲ್ಲು ಹೊತ್ತು ಮುಳುಗಿದ ಮೇಲೂ ಬಿಡುತ್ತಲೇ ಇರುತ್ತದೆ. ಮಧ್ಯರಾತ್ರಿ ದಾಟಿದ ಮೇಲೆ ಅದೂ ಸುಮ್ಮನಾಗುತ್ತದೆ. ಆಗ ನಕ್ಷತ್ರಗಳು ಎಷ್ಟು ಹತ್ತಿರವೆಂದರೆ, ಒಣ ಗಾಳಿಗೆ ಮಾತ್ರ ಅಷ್ಟು ಹತ್ತಿರ ತರಲು ಸಾಧ್ಯ. ಚೆನ್ನೈಯ ತಾರಸಿಗೆ ಮೊಟ್ಟೈ ಮಾಡಿ ಎನ್ನುತ್ತಾರೆ. ಅಲ್ಲಿಯೂ ಮಲಗಿದೆ, ವಡಾಂ ಒಣಗಿಸುವುದನ್ನೂ ನೋಡಿದೆ. ನಕ್ಷತ್ರ ಎಣಿಸುವಷ್ಟು ಇರಲಿಲ್ಲ.

ತಂಗಿಗೆ ಈಗ ಇದು ಆಗುವುದಿಲ್ಲ. ಒಂದು ಮೇ ತಿಂಗಳಲ್ಲಿ ಮನೆದೇವರ ಕೆಲಸಕ್ಕೆ ಬಂದವಳಿಗೆ ಎರಡನೆಯ ದಿನವೇ ಮೂಗಿನಿಂದ ರಕ್ತ ಬಂತು. ತುಟಿ ಒಡೆಯಿತು. ಇದೇ ಓಣಿಯ ಬಿಸಿಲಿನಲ್ಲಿ ಕುಂಟಬಿಲ್ಲೆ ಆಡಿ ಬೆಳೆದವಳು! ರಾತ್ರಿ ಮಾಳಿಗೆಯ ಮೇಲೆ ನನ್ನ ಪಕ್ಕ ಮಲಗಿ ಹೊರಳಾಡಿದಳು. "ಏನಾತೇ?" ಎಂದೆ. "ಭಾಳ ಸುಮ್ಮನೈತಕ್ಕ" ಎಂದಳು, "ಮಳಿ ಸದ್ದಿಲ್ಲಂದ್ರ ನಿದ್ದಿ ಬರಂಗಿಲ್ಲ ನನಗ." ನನಗೆ ಒಂದು ಕ್ಷಣ ನೋವಾಯಿತು. ನಮ್ಮ ಬಾನನ್ನು ಅವಳು ಬಿಟ್ಟುಕೊಟ್ಟಳೇ ಎನಿಸಿತು. ಆಮೇಲೆ ಅವಳು ಮಂಗಳೂರಿನಲ್ಲಿ ಕಳೆದ ಮಳೆಗಾಲಗಳನ್ನು ಎಣಿಸಿದೆ. ಹೆಂಚಿನ ಕೆಳಗೆ ಇಬ್ಬರು ಮಕ್ಕಳನ್ನು ಸಾಕಿದ್ದಾಳೆ, ಜ್ವರದ ರಾತ್ರಿಗಳನ್ನು ಆ ಸದ್ದಿನಲ್ಲಿ ಕಳೆದಿದ್ದಾಳೆ. ಆಟಿ ಅಮಾವಾಸ್ಯೆಗೆ ಹಾಲೆಮರದ ಕಹಿ ಕಷಾಯ ಕುಡಿಯುವುದನ್ನು ತಪ್ಪಿಸುವುದಿಲ್ಲ. ಅವಳ ಮೈಗೆ ಬೇರೆ ಊರು ಆಗಿದೆ. ನಾನು ಎದ್ದು ಒದ್ದೆ ಬಟ್ಟೆ ತಂದು ಅವಳ ಮುಖದ ಹತ್ತಿರ ಹಗ್ಗಕ್ಕೆ ಹಾಕಿದೆ. ಅರ್ಧ ಗಂಟೆಯಲ್ಲಿ ಒಣಗಿತು. ಮತ್ತೆ ನೆನೆಸಿ ಹಾಕಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ಮೊದಲು ಫೋನು ಮಾಡಿದವಳು ಅವಳೇ. 33 ಗೇಟುಗಳ ಆ ಅಣೆಕಟ್ಟು ಆಗಷ್ಟೇ ತುಂಬಿ ನಿಂತಿತ್ತು. ಬೇರೆ ಗೇಟುಗಳನ್ನೂ ತೆರೆದು, ನೀರು ಇಳಿಸಿ, ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆ ಇಳಿಸುವವರೆಗಿನ ಆ ವಾರ ನಮ್ಮ ಸೀಮೆಯಲ್ಲಿ ಯಾರಿಗೂ ಊಟ ರುಚಿಸಿರಲಿಕ್ಕಿಲ್ಲ. ಮಲೆನಾಡಿನ ಜುಲೈಯೆಲ್ಲ ಕಣ್ಣೆದುರೇ ಹೊಳೆ ಸೇರಿ ಕೆಳಗೆ ಹೋಗುತ್ತಿತ್ತು. "ಇಲ್ಲಿ ಇನ್ನೂ ಹೊಡೀತೈತಕ್ಕ, ಘಟ್ಟದ ಮ್ಯಾಲೂ ಜೋರೈತಂತ, ಮತ್ತೆ ತುಂಬ್ತೈತಿ" ಎಂದು ತಂಗಿ ದಿನಾ ಹೇಳುತ್ತಿದ್ದಳು. ಫೋನಿನಲ್ಲಿ ಅವಳ ಮಾತಿನ ಹಿಂದೆ ಹೆಂಚಿನ ಮೇಲಿನ ಮಳೆ ಕೇಳುತ್ತಿತ್ತು. ಆ ವಾರ ಅವಳು ಫೋನು ಇಟ್ಟುಬಿಡುವುದು ನನಗೆ ಬೇಡವಾಗಿತ್ತು. ಕೆಲವು ವಾರಗಳಲ್ಲಿ ಅಣೆಕಟ್ಟಿಗೆ ನೀರು ಮತ್ತೆ ಬಂತು.

ಕಳೆದ ಸಲ ಚೆನ್ನೈಯಿಂದ ಬಂದಾಗ ಡಬ್ಬಿ ಖಾಲಿ ಮಾಡಿ ತೊಳೆಯಲು ತೆಗೆದೆ. ತಳದಲ್ಲಿ ಎರಡು ರೊಟ್ಟಿ ಉಳಿದಿದ್ದವು. ಎತ್ತಿದರೆ ಚಪಾತಿಯಂತೆ ಬಾಗುತ್ತಿದ್ದವು, ಕೆಟ್ಟ ವಾಸನೆ ಇರಲಿಲ್ಲ. ಮಾಳಿಗೆ ಹತ್ತಿ, ಮೆಣಸಿನಕಾಯಿ ಒಣಗಿಸುವ ಚಾಪೆಯ ಮೂಲೆಯಲ್ಲಿ ಬಿಸಿಲಿಗೆ ಇಟ್ಟೆ. ಕೆಳಗೆ ಬಂದು ಹರವಿಯಿಂದ ಒಂದು ಚೊಂಬು ನೀರು ಕುಡಿದು, ಪ್ರಯಾಣದ ಸೀರೆ ಒಗೆದು ಹಗ್ಗಕ್ಕೆ ಹಾಕಿದೆ. ಸೀರೆಯ ಸೆರಗು ಆರುವ ಹೊತ್ತಿಗೆ ಮೇಲೆ ಹೋಗಿ ಒಂದು ರೊಟ್ಟಿ ಕೈಗೆತ್ತಿಕೊಂಡು ಮುರಿದೆ. ಟಪ್ ಎಂದಿತು.